ಸಿರಿಂಜು ರೋಗಿಯ ಕೈಗೆ ಕೊಡಿ: ಇನ್ಸುಲಿನ್ ಕಲಿಸಿ ಮನೆಗೆ ಕಳಿಸುವ ಕ್ರಮ

ಡಿಸ್ಚಾರ್ಜ್ ದಿನ, ಬೆಳಿಗ್ಗೆ ಹನ್ನೊಂದು ಗಂಟೆ. ಮಗ ಬಿಲ್ ಕೌಂಟರಿನಲ್ಲಿದ್ದಾನೆ, ಹೊರಗೆ ಆಟೋ ನಿಂತಿದೆ, ರೋಗಿ ಆಗಲೇ ಚಪ್ಪಲಿ ಮೆಟ್ಟಿ ಕೂತಿದ್ದಾರೆ. ಆ ಹೊತ್ತಿಗೆ ಸಿಸ್ಟರ್ ಬಂದು ಐದು ನಿಮಿಷದಲ್ಲಿ ಇನ್ಸುಲಿನ್ ಬಗ್ಗೆ ಎಲ್ಲವನ್ನೂ ಹೇಳಿ, "ಅರ್ಥ ಆಯ್ತಲ್ಲ?" ಎನ್ನುತ್ತಾರೆ. "ಹೂಂ ಸಿಸ್ಟರ್." ಕೇಸ್ ಶೀಟಿನಲ್ಲಿ 'ಆರೋಗ್ಯ ಶಿಕ್ಷಣ ನೀಡಲಾಗಿದೆ' ಎಂಬ ಸಾಲು ಬೀಳುತ್ತದೆ. ಹೇಳಿದ್ದಂತೂ ಆಯಿತು, ಕಲಿಸಿದ್ದು ಮಾತ್ರ ಏನೂ ಇಲ್ಲ.

ಇನ್ಸುಲಿನ್ ಕೈಗೆಲಸ. ಹೊಲಿಗೆ, ಸೈಕಲ್ಲು ಇದ್ದ ಹಾಗೆ. ಕೇಳಿ ಬರುವುದಿಲ್ಲ, ಮಾಡಿ ಬರುತ್ತದೆ. ಹೀಗಾಗಿ ಈ ಬರಹದಲ್ಲಿ ಹೇಳುವ ಕ್ರಮಕ್ಕೆಲ್ಲ ಬೇರು ಒಂದೇ: ಮನೆಗೆ ಹೋಗುವ ಮುಂಚೆ ರೋಗಿ ಅಥವಾ ಮನೆಯವರು ತಮ್ಮ ಕೈಯಾರೆ ಕನಿಷ್ಠ ಎರಡು ಡೋಸ್ ಹಾಕಿರಬೇಕು, ನೀವು ಪಕ್ಕದಲ್ಲಿ ಕೈಕಟ್ಟಿ ನಿಂತು ನೋಡಿರಬೇಕು. ವಾರ್ಡಿನ ಶುಶ್ರೂಷಾಧಿಕಾರಿಗಳು, ಆಯುಷ್ಮಾನ್ ಆರೋಗ್ಯ ಮಂದಿರಗಳ ಸಮುದಾಯ ಆರೋಗ್ಯಾಧಿಕಾರಿಗಳು, ಮನೆಯಲ್ಲಿ ಸೂಜಿ ಹಾಕುವ ಹೆಂಡತಿ, ಮಗ, ಸೊಸೆ, ಎಲ್ಲರಿಗೂ ಇದು ಬಳಕೆಗೆ ಬರುತ್ತದೆ. ಯಾವ ಇನ್ಸುಲಿನ್, ಎಷ್ಟು ಯೂನಿಟ್ ಎಂಬುದು ವೈದ್ಯರ ತೀರ್ಮಾನ. ಇಲ್ಲಿರುವುದು ಆ ತೀರ್ಮಾನ ಮನೆಯಲ್ಲಿ ಸರಿಯಾಗಿ ನಡೆಯುವಂತೆ ಮಾಡುವ ಬಗೆ.

ನರ್ಸಿಂಗ್ ಓದಿದವರಿಗೆ ಡೊರೊತಿಯಾ ಓರೆಂ ಅವರ ಹೆಸರು ಪರೀಕ್ಷೆಗೆ ಬರೆದು ಮರೆತದ್ದಿರಬಹುದು. ಅವರ ಸ್ವ-ಆರೈಕೆ ಸಿದ್ಧಾಂತದಲ್ಲಿ ಮೂರು ಹಂತಗಳಿವೆ: ಎಲ್ಲವನ್ನೂ ನರ್ಸ್ ಮಾಡುವುದು, ಇಬ್ಬರೂ ಹಂಚಿಕೊಂಡು ಮಾಡುವುದು, ರೋಗಿಯೇ ಮಾಡುವಾಗ ನರ್ಸ್ ಬೆಂಬಲವಾಗಿ ನಿಲ್ಲುವುದು. ಇನ್ಸುಲಿನ್ ಕಲಿಸುವಾಗ ಇವನ್ನೇ ಮೂರು ದಿನಗಳೆಂದು ತಿಳಿಯಿರಿ. ಮೊದಲ ದಿನ ನೀವು ಹಾಕಿ, ಅವರು ನೋಡಲಿ. ಎರಡನೇ ದಿನ ಔಷಧ ಎಳೆಯುವುದು ಅವರ ಕೆಲಸ, ಚುಚ್ಚುವುದು ನಿಮ್ಮ ಕೆಲಸ. ಮೂರನೇ ದಿನ ಎಲ್ಲವೂ ಅವರದೇ. ಮನೆಯಲ್ಲೂ ಇನ್ಸುಲಿನ್ ಮುಂದುವರಿಯುತ್ತದೆ ಎಂದು ವೈದ್ಯರು ಹೇಳಿದ ದಿನವೇ ಶುರು ಮಾಡಿದರೆ ಮಾತ್ರ ಈ ಮೂರು ದಿನ ಸಿಗುತ್ತವೆ.

ಸೂಜಿ ಹೊರತೆಗೆಯುವ ಮುಂಚೆ

ಮೊದಲು ಕೇಳಿ: "ಇನ್ಸುಲಿನ್ ಅಂದ್ರೆ ನಿಮಗೇನು ಅನ್ಸುತ್ತೆ?" ಬರುವ ಉತ್ತರಗಳು ಹೆಚ್ಚುಕಡಿಮೆ ಇವೇ: ಇದು ಕೊನೇ ಹಂತ, ಒಮ್ಮೆ ಶುರುವಾದರೆ ಚಟವಾಗುತ್ತದೆ, ಪಕ್ಕದ ಮನೆಯವರಿಗೆ ಇನ್ಸುಲಿನ್ ಕೊಟ್ಟ ಮೇಲೇ ಕಾಲು ತೆಗೆದರು. ವಾದಕ್ಕೆ ಇಳಿಯಬೇಡಿ. ದೇಹ ತಾನೇ ತಯಾರಿಸಿಕೊಳ್ಳುತ್ತಿದ್ದ ವಸ್ತು ಈಗ ಸಾಲದಾಗಿದೆ, ಕಡಿಮೆ ಬಿದ್ದಷ್ಟನ್ನು ಹೊರಗಿನಿಂದ ಕೊಡುತ್ತಿದ್ದೇವೆ, ಇದು ಚಟ ಹಿಡಿಸುವ ವಸ್ತುವಲ್ಲ ಎಂದಷ್ಟೇ ಹೇಳಿ. ಕಾಲು ಹೋಗಿದ್ದು ಇನ್ಸುಲಿನ್‌ನಿಂದಲ್ಲ, ವರ್ಷಗಟ್ಟಲೆ ಏರಿದ್ದ ಸಕ್ಕರೆಯಿಂದ. ಈ ಭಯ ಹೊರಬರದೆ ಒಳಗೇ ಉಳಿದರೆ ವಾರ್ಡಿನಲ್ಲಿ ಚೆನ್ನಾಗಿ ಕಲಿತವರೂ ಊರಿಗೆ ಹೋಗಿ ಬಾಟಲಿಯನ್ನು ಫ್ರಿಜ್ಜಿನಲ್ಲೇ ಬಿಟ್ಟುಬಿಡುತ್ತಾರೆ.

ಆಮೇಲೆ ಕಣ್ಣು. ಖಾಲಿ ಸಿರಿಂಜು ಕೈಗೆ ಕೊಟ್ಟು "16ಕ್ಕೆ ಎಳೀರಿ" ಎನ್ನಿ. ಪೊರೆ ಬಂದಿದ್ದರೆ, ಅಕ್ಷಿಪಟಲಕ್ಕೆ ಪೆಟ್ಟಾಗಿದ್ದರೆ ಗೆರೆ ಕಾಣುವುದಿಲ್ಲ, ಆದರೆ ಕಾಣುವುದಿಲ್ಲ ಎಂದು ಅವರಾಗಿ ಹೇಳುವುದೂ ಇಲ್ಲ. ಹಾಗಿದ್ದಲ್ಲಿ ಔಷಧ ಎಳೆದುಕೊಡುವ ಕೆಲಸ ಮನೆಯಲ್ಲಿ ಬೇರೆಯವರದಾಗಬೇಕು. ಚಿಕಿತ್ಸೆ ಶುರುವಾದ ಮೊದಲ ಕೆಲವು ವಾರ ಸಕ್ಕರೆ ಇಳಿಯುತ್ತಿದ್ದಂತೆ ದೃಷ್ಟಿ ಮಂಜಾಗುವುದೂ ಉಂಟು. ಆ ಅವಧಿಯಲ್ಲಿ ಹೊಸ ಕನ್ನಡಕಕ್ಕೆ ದುಡ್ಡು ಸುರಿಯಬೇಡಿ ಎಂದು ಹೇಳಿ.

ಇನ್ನು ಯಾರಿಗೆ ಕಲಿಸಬೇಕು? ಚುರುಕಾಗಿ ಪ್ರಶ್ನೆ ಕೇಳುತ್ತ, ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುವ ಮಗನಿಗಲ್ಲ. ಅವನು ಸೋಮವಾರ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ರಾತ್ರಿ ಎರಡು ಗಂಟೆಗೆ ರೋಗಿ ಬೆವರಿದರೆ ಪಕ್ಕದಲ್ಲಿ ಯಾರಿರುತ್ತಾರೋ ಅವರಿಗೆ. ಹೆಚ್ಚಿನ ಸಲ ಅದು ಮಂಚದ ಬದಿಯಲ್ಲಿ ಮಾತಾಡದೆ ನಿಂತಿರುವ ಹೆಂಡತಿ.

ಮುಚ್ಚಳದ ಬಣ್ಣ

ಇಡೀ ಪಾಠದಲ್ಲಿ ಒಂದೇ ವಿಷಯಕ್ಕೆ ಸಮಯವಿದ್ದರೆ ಇದನ್ನು ಹೇಳಿ. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 40 ಯೂನಿಟ್. 10 ಮಿ.ಲೀ. ಬಾಟಲಿಯಲ್ಲಿ ಒಟ್ಟು 400 ಯೂನಿಟ್. ಇದಕ್ಕೆ ಯು-40 ಸಿರಿಂಜು, ಕೆಂಪು ಮುಚ್ಚಳದ್ದು. ಯು-100 ಸಿರಿಂಜಿಗೆ ಕಿತ್ತಳೆ ಮುಚ್ಚಳ, ಅದು ಮಿ.ಲೀ.ಗೆ 100 ಯೂನಿಟ್ ಇರುವ ಔಷಧಕ್ಕೆ. ಎರಡೂ ನೋಡಲು ಅಣ್ಣತಮ್ಮಂದಿರ ಹಾಗೆ, ಎರಡೂ ಒಂದೇ ಅಂಗಡಿಯಲ್ಲಿ ಸಿಗುತ್ತವೆ.

ಬೆಳಿಗ್ಗೆ 20 ಯೂನಿಟ್ ಬರೆದಿದ್ದಾರೆ ಎನ್ನಿ. 40ರ ಔಷಧವನ್ನು ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಬರುವುದು 0.2 ಮಿ.ಲೀ., ಅಂದರೆ ಬರೀ 8 ಯೂನಿಟ್. ಸಕ್ಕರೆ ಇಳಿಯುವುದಿಲ್ಲ, ವೈದ್ಯರು ಡೋಸ್ ಏರಿಸುತ್ತ ಹೋಗುತ್ತಾರೆ, ಮುಂದೆ ಒಂದು ದಿನ ಅಂಗಡಿಯವರು ಸರಿಯಾದ ಸಿರಿಂಜು ಕೊಟ್ಟಾಗ ಏರಿಸಿದ ಡೋಸ್ ಪೂರ್ತಿ ಒಳಗೆ ಹೋಗಿ ರೋಗಿ ಕುಸಿಯುತ್ತಾರೆ. ತಿರುವುಮುರುವಾದರೆ ಇನ್ನೂ ಅಪಾಯ: 100ರ ಔಷಧವನ್ನು ಕೆಂಪು ಸಿರಿಂಜಿನಲ್ಲಿ 20ಕ್ಕೆ ಎಳೆದರೆ 0.5 ಮಿ.ಲೀ., ಅಂದರೆ 50 ಯೂನಿಟ್. ಎರಡೂವರೆ ಪಟ್ಟು. ಇನ್ಸುಲಿನ್ ಪೆನ್ನಿನ (ಡೋಸ್ ತಿರುಗಿಸಿಟ್ಟು ಒತ್ತುವ ಸಾಧನ) ಕಾರ್ಟ್ರಿಜ್‌ನಲ್ಲಿ, ಅಂದರೆ ಔಷಧದ ಕೊಳವೆಯಲ್ಲಿ, ಇರುವುದು 100ರ ಔಷಧ; ಪೆನ್ನು ಕೆಟ್ಟಿತೆಂದು ಅದಕ್ಕೆ ಸಿರಿಂಜು ಚುಚ್ಚಿ ಎಳೆಯುವವರು ಹೀಗೇ ಸಿಕ್ಕಿಬೀಳುತ್ತಾರೆ.

ಓದು ಬಾರದವರಿಗೆ ಹೀಗೆ ಕಲಿಸಿ: ಖಾಲಿ ಬಾಟಲಿಯ ಡಬ್ಬವನ್ನೂ ಬಳಸಿದ ಸಿರಿಂಜಿನ ಕೆಂಪು ಮುಚ್ಚಳವನ್ನೂ ಮನೆಗೆ ಕೊಂಡೊಯ್ಯಲಿ. ಅಂಗಡಿಯಲ್ಲಿ ಎರಡನ್ನೂ ತೋರಿಸಿ "ಇದೇ ಔಷಧ, ಇದೇ ಬಣ್ಣ" ಎಂದು ಕೇಳಲಿ.

ಎಳೆಯುವುದು, ಚುಚ್ಚುವುದು

ಕೈಯನ್ನು ಸೋಪಿನಿಂದ ತೊಳೆದು ಒರೆಸಿಕೊಳ್ಳಬೇಕು. ಬಾಟಲಿಯ ಹೆಸರು, ಅವಧಿ ಮುಗಿಯುವ ದಿನಾಂಕ ನೋಡಬೇಕು. ನಮ್ಮಲ್ಲಿ ಬಹಳ ಬಳಕೆಯಲ್ಲಿರುವ 30/70 ಮಿಶ್ರಣ (30 ಪಾಲು ಬೇಗ, 70 ಪಾಲು ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್) ನಿಂತಲ್ಲಿ ತಳಕ್ಕೆ ಕೂರುತ್ತದೆ. ಅಂಗೈಗಳ ನಡುವೆ ಹತ್ತು ಸಲ ಹೊಸೆದು, ಹತ್ತು ಸಲ ನಿಧಾನವಾಗಿ ತಲೆಕೆಳಗು ಮಾಡಿದರೆ ಹಾಲಿನ ಹಾಗೆ ಒಂದೇ ಸಮ ಬೆಳ್ಳಗಾಗುತ್ತದೆ. ಕೆಮ್ಮಿನ ಸಿರಪ್ಪಿನ ಹಾಗೆ ಕುಲುಕಬಾರದು, ನೊರೆ ಬಂದು ಅಳತೆ ತಪ್ಪುತ್ತದೆ. ಹೊಸೆದ ಮೇಲೂ ಗರಣೆ ಉಳಿದರೆ, ಗಾಜಿನ ಒಳಗೋಡೆಗೆ ಮಂಜಿನ ಹರಳಿನಂಥದ್ದು ಅಂಟಿದ್ದರೆ ಎಸೆಯಬೇಕು. ತಿಳಿಯಾಗಿರುವ ಇನ್ಸುಲಿನ್‌ಗೆ ಹೊಸೆತ ಬೇಕಿಲ್ಲ. ಅದು ಮಸುಕಾದರೆ ಕೆಟ್ಟಿದೆ ಎಂದರ್ಥ.

ಬಾಟಲಿಯ ರಬ್ಬರನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಲು ಬಿಡಿ. 20 ಯೂನಿಟ್ ಬೇಕಿದ್ದರೆ ಮೊದಲು 20ರವರೆಗೆ ಗಾಳಿ ಎಳೆದು, ನಿಂತಿರುವ ಬಾಟಲಿಯೊಳಗೆ ಅದನ್ನು ತಳ್ಳಬೇಕು. ರೋಗಿಗಳು ಬಿಟ್ಟುಬಿಡುವ ಹೆಜ್ಜೆ ಇದೇ. ಗಾಳಿ ಹೋಗದೆ ಔಷಧ ಮಾತ್ರ ಹೊರಬರುತ್ತಿದ್ದರೆ ನಾಲ್ಕೈದು ದಿನದಲ್ಲಿ ಬಾಟಲಿಯೊಳಗೆ ಎಳೆತ ಹೆಚ್ಚಿ, ಪಿಸ್ಟನ್ ತಾನಾಗಿ ಒಳಕ್ಕೆ ಜಗ್ಗುತ್ತದೆ, ಗುಳ್ಳೆಗಳು ತುಂಬುತ್ತವೆ. ಗಾಳಿ ತಳ್ಳಿದ ಮೇಲೆ ಬಾಟಲಿಯನ್ನು ತಲೆಕೆಳಗು ಮಾಡಿ, ಸೂಜಿಯ ತುದಿ ಔಷಧದೊಳಗೇ ಇರುವಂತೆ ನೋಡಿಕೊಂಡು ಎಳೆಯಬೇಕು. ಗುಳ್ಳೆ ಕಂಡರೆ ಬೆರಳಿನಿಂದ ತಟ್ಟಿ ಮೇಲೆ ತಂದು ಬಾಟಲಿಗೇ ವಾಪಸ್ ತಳ್ಳಿ, ಮತ್ತೆ ಗೆರೆಗೆ ತರಬೇಕು. "ಗಾಳಿ ಒಳಗೆ ಹೋದ್ರೆ ಸತ್ತೋಗ್ತೀನಾ ಸಿಸ್ಟರ್?" ಎಂದು ಕೇಳುವವರಿದ್ದಾರೆ. ಚರ್ಮದಡಿ ಹೋದ ಸಣ್ಣ ಗುಳ್ಳೆಯಿಂದ ಜೀವಕ್ಕೇನೂ ಆಗುವುದಿಲ್ಲ, ಗುಳ್ಳೆಯಷ್ಟು ಔಷಧ ಕಡಿಮೆಯಾಗುತ್ತದೆ, ಅಷ್ಟೇ.

ಜಾಗ: ಹೊಟ್ಟೆ, ಹೊಕ್ಕುಳಿನಿಂದ ಎರಡು ಇಂಚು ಆಚೆ, ಇಲ್ಲವೇ ತೊಡೆಯ ಮುಂಭಾಗದ ಹೊರಬದಿ. ತೋಳಿಗೆ ತಾವೇ ಹಾಕಿಕೊಳ್ಳುವಾಗ ಚರ್ಮ ಚಿವುಟಲು ಇನ್ನೊಂದು ಕೈ ಸಿಗುವುದಿಲ್ಲ, ಸೂಜಿ ಮಾಂಸಖಂಡಕ್ಕೆ ಇಳಿಯುತ್ತದೆ. ಸ್ನಾನ ಮಾಡಿದ ಶುಚಿಯಾದ ಮೈಗೆ ಸ್ಪಿರಿಟ್ಟೇ ಬೇಕೆಂದಿಲ್ಲ. ಹಚ್ಚಿದರೆ ಒಣಗುವ ತನಕ ಕಾಯಬೇಕು, ಇಲ್ಲವಾದರೆ ಉರಿಯುತ್ತದೆ, ಆ ಉರಿಯನ್ನು ಅವರು ಇನ್ಸುಲಿನ್ ಉರಿ ಎಂದುಕೊಳ್ಳುತ್ತಾರೆ. ಹೆಬ್ಬೆರಳು, ತೋರುಬೆರಳಿನಿಂದ ಚರ್ಮವನ್ನು ಮೆಲ್ಲಗೆ ಎತ್ತಿ ಹಿಡಿದು, ಸೂಜಿಯನ್ನು ನೇರವಾಗಿ ಇಳಿಸಿ, ಪಿಸ್ಟನ್ನನ್ನು ನಿಧಾನವಾಗಿ ತಳ್ಳಿ, ಒಂದರಿಂದ ಹತ್ತರವರೆಗೆ ಎಣಿಸಬೇಕು. ನಂತರ ಸೂಜಿ ತೆಗೆದು ಚರ್ಮ ಬಿಡಬೇಕು. ಉಜ್ಜಬಾರದು. ಹತ್ತು ಎಣಿಸದವರ ಹೊಟ್ಟೆಯ ಮೇಲೆ ಒಂದು ಹನಿ ಹೊಳೆಯುತ್ತಿರುತ್ತದೆ. ಒಳಗೆ ಹೋಗಬೇಕಿದ್ದ ಔಷಧ ಅದು.

ಮೂಸಂಬಿಗೆ ಚುಚ್ಚಿಸಿ ಅಭ್ಯಾಸ ಮಾಡಿಸುವುದು ನಮ್ಮ ವಾರ್ಡುಗಳ ಹಳೇ ಪದ್ಧತಿ. ಬೆರಳಿಗೆ ಹಿಡಿತ ಬರಲು ಒಳ್ಳೆಯದೇ. ಆದರೆ ಮೂಸಂಬಿಗೆ ನೋವಿಲ್ಲ, ಭಯವಿಲ್ಲ. ಅಲ್ಲಿಗೇ ನಿಲ್ಲಿಸಿದರೆ ಮೊದಲ ನಿಜವಾದ ಚುಚ್ಚು ಮನೆಯಲ್ಲಿ, ನೀವಿಲ್ಲದಾಗ ಆಗುತ್ತದೆ.

ಪೆನ್ನು ಬಳಸುವವರಿಗೆ ಹೆಚ್ಚಿನದು ಎರಡು ಮಾತು. ಪ್ರತಿ ಸಲ ಹೊಸ ಸೂಜಿ ತಿರುಗಿಸಿ, 2 ಯೂನಿಟ್ ಇಟ್ಟು, ಸೂಜಿ ಮೇಲ್ಮುಖ ಮಾಡಿ ಒತ್ತಿ, ತುದಿಯಲ್ಲಿ ಹನಿ ಕಂಡ ಮೇಲೇ ಡೋಸ್ ಇಡಬೇಕು. ಹಾಕಿಯಾದ ಮೇಲೆ ಸೂಜಿ ಬಿಚ್ಚಿಡಬೇಕು. ಸಿಕ್ಕಿಸಿಯೇ ಬಿಟ್ಟರೆ ಔಷಧ ಸೋರುತ್ತದೆ, ಗಾಳಿ ಸೇರುತ್ತದೆ. ಕೆಲವರಂತೂ ಒಳಗಿನ ಸಣ್ಣ ಮುಚ್ಚಳ ತೆಗೆಯದೆ ತಿಂಗಳುಗಟ್ಟಲೆ ಒತ್ತಿರುತ್ತಾರೆ. ನಗುವ ವಿಷಯವಲ್ಲ, ಆ ಮುಚ್ಚಳವನ್ನು ಯಾರೂ ಅವರಿಗೆ ತೋರಿಸಿರುವುದಿಲ್ಲ.

ಗಡಿಯಾರವಲ್ಲ, ತಟ್ಟೆ

ವಾರ್ಡಿನಲ್ಲಿ ಬೆಳಿಗ್ಗೆ ಏಳೂವರೆಗೆ ಇನ್ಸುಲಿನ್, ಎಂಟಕ್ಕೆ ತಿಂಡಿ. ರೋಗಿ ಕಲಿಯುವುದು 'ಏಳೂವರೆ' ಎಂಬುದನ್ನು. ಊರಿನಲ್ಲಿ ಅವರ ದಿನ ಹೀಗಿರುತ್ತದೆ: ಐದೂವರೆಗೆ ಎದ್ದು ಹಾಲು ಕರೆದು, ಡೇರಿಗೆ ಹಾಕಿ, ಒಂದು ಲೋಟ ಕಾಫಿ ಕುಡಿದು ಹೊಲಕ್ಕೆ ಹೋದರೆ ಮುದ್ದೆಗೋ ರೊಟ್ಟಿಗೋ ಕೂರುವುದು ಹತ್ತಕ್ಕೆ. ಏಳೂವರೆಗೆ 20 ಯೂನಿಟ್ ಹಾಕಿಕೊಂಡು ಗುದ್ದಲಿ ಹಿಡಿದವರು ಒಂಬತ್ತಕ್ಕೆ ಬದುವಿನ ಮೇಲೆ ಕುಸಿಯುತ್ತಾರೆ.

ಆದ್ದರಿಂದ "ದಿನಕ್ಕೆ ಎರಡು ಸಲ" ಎಂದು ಹೇಳಬೇಡಿ. "ನಿಮ್ಮನೇಲಿ ಬೆಳಿಗ್ಗೆ ಮೊದಲ ಹೊಟ್ಟೆತುಂಬಾ ಊಟ ಎಷ್ಟು ಹೊತ್ತಿಗೆ?" ಎಂದು ಕೇಳಿ, ಅದಕ್ಕೆ ಅರ್ಧ ಗಂಟೆ ಮುಂಚೆ ಎಂದು ಗಂಟು ಹಾಕಿ. ಈ ಅರ್ಧ ಗಂಟೆ 30/70 ಮತ್ತು ರೆಗ್ಯುಲರ್ ಹ್ಯೂಮನ್ ಇನ್ಸುಲಿನ್‌ಗೆ. ಕೆಲವು ಹೊಸ ಬಗೆಯವನ್ನು ತಟ್ಟೆಯ ಮುಂದೆ ಕೂತ ಮೇಲೇ ಹಾಕಬೇಕಾಗುತ್ತದೆ, ಚೀಟಿ ನೋಡಿ ಹೇಳಿ. ಒಲೆಯ ಮೇಲೆ ಅಡುಗೆ ಆಗಿದೆಯೋ ಇಲ್ಲವೋ ನೋಡಿಯೇ ಸೂಜಿ ಎತ್ತಬೇಕು. ಶನಿವಾರದ ಒಪ್ಪತ್ತು, ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳನ್ನು ನೀವೇ ಬಾಯಿಬಿಟ್ಟು ಕೇಳಿ. ವ್ರತ ಬಿಡಿ ಎಂದರೆ ಹೂಂ ಎಂದು ಮನೆಯಲ್ಲಿ ಮಾಡುತ್ತಾರೆ. ಮುಂಚೆಯೇ ಬಂದು ವೈದ್ಯರ ಹತ್ತಿರ ಆ ದಿನದ ಡೋಸ್ ಬರೆಸಿಕೊಳ್ಳಿ ಎಂದರೆ ಬರುತ್ತಾರೆ.

ಸಕ್ಕರೆ ಇಳಿದಾಗ

ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿ.ಗ್ರಾಂ.ಗಿಂತ ಕೆಳಗೆ ಬಂದರೆ 'ಲೋ'. ಬೆವರು, ನಡುಕ, ಎದೆಬಡಿತ, ತಾಳಲಾರದ ಹಸಿವು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ನಡುಕ, ಎದೆಬಡಿತ ಕಾಣದೆ ಬೆವರು ಮಾತ್ರ ಕಾಣಬಹುದು. ವಯಸ್ಸಾದವರಲ್ಲಿ ಇದಾವುದೂ ಇಲ್ಲದೆ ಮಾತು ತೊದಲುವುದು, ಸುಮ್ಮನೆ ಸಿಟ್ಟಾಗುವುದು, ಮಕ್ಕಳ ಗುರುತು ಹಿಡಿಯದಿರುವುದು ಕಾಣಿಸಿಕೊಳ್ಳುತ್ತದೆ. ಕುಡಿದಿದ್ದಾರೆ, ಗಾಳಿ ಸೋಕಿದೆ ಎಂದು ಮನೆಯವರು ಅಂದುಕೊಳ್ಳುತ್ತಾರೆ. ರಾತ್ರಿ ಆದದ್ದರ ಸುಳಿವು ಬೆಳಿಗ್ಗೆ ಸಿಗುತ್ತದೆ: ಒದ್ದೆ ಬನಿಯನ್ನು, ಕೆಟ್ಟ ಕನಸು, ತಲೆನೋವು.

ಮಾಡಬೇಕಾದ್ದು: ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ, ಅಂದಾಜು 15 ಗ್ರಾಂ, ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಇನ್ನೂ 70ರ ಕೆಳಗಿದ್ದರೆ ಇನ್ನೊಮ್ಮೆ. ಗ್ಲೂಕೋಮೀಟರ್ ಹತ್ತಿರ ಇಲ್ಲದಿದ್ದರೆ ಹುಡುಕುತ್ತ ಕೂರದೆ ಮೊದಲು ಸಕ್ಕರೆ. ಸುಧಾರಿಸಿದ ಮೇಲೆ ಊಟ. ಚಾಕೊಲೇಟ್, ಬಿಸ್ಕತ್ತು, ಹೋಳಿಗೆ ಬೇಡ, ಅವುಗಳ ಜಿಡ್ಡಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ನುಂಗುವವರಿಗೆ ಅಡುಗೆಮನೆಯ ಸಕ್ಕರೆಯೂ ನಿಧಾನ, ಗ್ಲೂಕೋಸ್ ಪುಡಿಯೇ ಆಗಬೇಕು. ಡಿಸ್ಚಾರ್ಜ್ ಮುಂಚೆ ಮಾತ್ರೆಗಳ ಪಟ್ಟಿಯಲ್ಲಿ ಈ ಎರಡು ಹೆಸರು ಹುಡುಕಿ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆಯನ್ನೂ ಜೊತೆಗೆ ತೆಗೆದುಕೊಳ್ಳುತ್ತಿದ್ದರೆ ಏರಿದ ಸಕ್ಕರೆ ಕೆಲವು ಗಂಟೆಗಳಲ್ಲಿ ಮತ್ತೆ ಕುಸಿಯಬಹುದು, ಆಸ್ಪತ್ರೆಗೆ ಬರಲೇಬೇಕು.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಒಂದು ಚಮಚ ನೀರನ್ನೂ. ಮಗ್ಗುಲಿಗೆ ಹೊರಳಿಸಿ 108ಕ್ಕೆ ಕರೆ ಮಾಡಬೇಕು.

ಜ್ವರ, ವಾಂತಿ ಬಂದಾಗ ತಪ್ಪು ಇನ್ನೊಂದು ದಿಕ್ಕಿನಲ್ಲಿ ಆಗುತ್ತದೆ. ಊಟ ಸೇರುತ್ತಿಲ್ಲವೆಂದು ಇನ್ಸುಲಿನ್ ಪೂರ್ತಿ ನಿಲ್ಲಿಸಿಬಿಡುತ್ತಾರೆ. ಕಾಯಿಲೆಯಲ್ಲಿ ಸಕ್ಕರೆ ಊಟವಿಲ್ಲದೆಯೂ ಏರುತ್ತದೆ. ತಾವಾಗಿ ನಿಲ್ಲಿಸದೆ ಫೋನ್ ಮಾಡಿ ಕೇಳಲಿ. ವಾಂತಿ ನಿಲ್ಲದಿದ್ದರೆ ಕಾಯದೆ ಬರಲಿ.

ಬಾಟಲಿ ಎಲ್ಲಿಡಬೇಕು

ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್ಜಿನ ಬಾಗಿಲಲ್ಲೋ ಕೆಳಗಿನ ಹಲಗೆಯಲ್ಲೋ. ಫ್ರೀಜರಿನಲ್ಲಿ, ಅದರ ಗೋಡೆಗೆ ತಾಗಿಸಿ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಬಳಕೆಯಲ್ಲಿರುವ ಬಾಟಲಿ 25-30 ಡಿಗ್ರಿ ಮೀರದ ತಂಪಿನಲ್ಲಿ ಸಾಮಾನ್ಯವಾಗಿ ನಾಲ್ಕು ವಾರ. ತೆರೆದ ದಿನಾಂಕವನ್ನು ಬಾಟಲಿಯ ಲೇಬಲ್ಲಿನ ಮೇಲೆ ಬರೆಸಿ. ದಿನಕ್ಕೆ 10 ಯೂನಿಟ್ ಹಾಕುವವರಿಗೆ 400 ಯೂನಿಟ್ 40 ದಿನ ಬರುತ್ತದೆ. ನಾಲ್ಕು ವಾರದ ಮೇಲೆ ಉಳಿದದ್ದನ್ನು ಎಸೆಯಲು ಅವರಿಗೆ ಮನಸ್ಸು ಬರುವುದಿಲ್ಲ, ಮೊದಲೇ ಹೇಳಿರಬೇಕು.

ಫ್ರಿಜ್ಜಿಲ್ಲದ ಮನೆಗೆ ಮಡಕೆ. ದೊಡ್ಡ ಮಡಕೆಯೊಳಗೆ ಚಿಕ್ಕದನ್ನಿಟ್ಟು, ನಡುವಿನ ಸಂದಿಗೆ ಮರಳು ತುಂಬಿ ದಿನಾ ನೀರು ಹನಿಸಿ, ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಮಡಕೆಯಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಬೇಕು. ಗಾಳಿಯಾಡುವ ನೆರಳು ಬೇಕು. ರಾಯಚೂರು, ಕಲಬುರಗಿಯ ಒಣ ಬಿಸಿಲಿಗೆ ಇದು ಚೆನ್ನಾಗಿ ತಂಪು ಹಿಡಿಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟಿಲ್ಲ. ಬೈಕಿನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡು ಎಂದೂ ಬೇಡ.

ಸೂಜಿ ಒಂದು ಸಲಕ್ಕೆ ಮಾತ್ರ ಎಂಬುದು ನಿಯಮ. ಮನೆಯಲ್ಲಿ ಒಂದನ್ನೇ ವಾರ ಓಡಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಸತ್ಯ. ಬೈದರೆ ಮುಚ್ಚಿಡುತ್ತಾರೆ. ಮೊಂಡಾದ ಸೂಜಿಯಿಂದ ನೋವು, ಗಂಟು ಎರಡೂ ಹೆಚ್ಚು ಎಂದು ವಿವರಿಸಿ. ಇನ್ನೊಬ್ಬರ ಸಿರಿಂಜನ್ನು, ಗಂಡ-ಹೆಂಡತಿಯೇ ಆದರೂ, ಮುಟ್ಟಬಾರದು ಎಂಬುದರಲ್ಲಿ ಮಾತ್ರ ರಿಯಾಯಿತಿ ಬೇಡ. ಬಳಸಿದ್ದನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ತುಂಬಿದಾಗ ಆಸ್ಪತ್ರೆಗೆ ತಂದುಕೊಡಲಿ. ಕಸದ ಚೀಲಕ್ಕೆ ಬಿದ್ದ ಸೂಜಿ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಕಲಿತಿದ್ದಾರೆಯೇ?

"ಅರ್ಥ ಆಯ್ತಾ?" ಎಂಬ ಪ್ರಶ್ನೆಯನ್ನು ವಾರ್ಡಿನಿಂದಲೇ ಹೊರಹಾಕಿ. ಬದಲಿಗೆ: "ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು ಅಮ್ಮ. ಮನೆಗೆ ಹೋಗಿ ನಿಮ್ಮ ಸೊಸೆಗೆ ಹೇಗೆ ತೋರಿಸ್ತೀರಿ, ನನಗೇ ತೋರಿಸಿ." ಪರೀಕ್ಷೆ ನಿಮ್ಮದು, ಅವರದಲ್ಲ ಎಂಬ ದನಿ ಇರಲಿ. ತಪ್ಪಿದರೆ ಕೈಯಿಂದ ಸಿರಿಂಜು ಕಿತ್ತುಕೊಳ್ಳಬೇಡಿ, ಮಾತಿನಲ್ಲಿ ತಿದ್ದಿ. ಒಂದು ಕೂರಿಕೆಯಲ್ಲಿ ಮೂರಕ್ಕಿಂತ ಹೆಚ್ಚು ಸಂಗತಿ ಬೇಡ. ಮೊದಲ ಸುತ್ತಿಗೆ ಸರಿಯಾದ ಅಳತೆ, ಊಟದ ಲೆಕ್ಕ, 'ಲೋ' ಆದಾಗಿನ ಸಕ್ಕರೆ ಸಾಕು. ಪಾದದ ಆರೈಕೆ, ಆಹಾರದ ವಿವರ ಮುಂದಿನ ಭೇಟಿಗೆ. ಸದ್ಯಕ್ಕೆ ಬರಿಗಾಲಲ್ಲಿ ಓಡಾಡಬೇಡಿ ಎಂಬ ಒಂದು ಮಾತು ಹೇಳಿ ಕಳಿಸಿ.

ಕೇಸ್ ಶೀಟಿನಲ್ಲಿ ನೀವು ಹೇಳಿದ್ದನ್ನಲ್ಲ, ಅವರು ಮಾಡಿದ್ದನ್ನು ಬರೆಯಿರಿ: 'ಪತ್ನಿ 20 ಯೂನಿಟ್ ಸರಿಯಾಗಿ ಎಳೆದರು. ಗಾಳಿ ತಳ್ಳುವುದನ್ನು ಒಮ್ಮೆ ಮರೆತರು, ಎರಡನೇ ಸಲ ಸರಿ.' ರಾತ್ರಿ ಪಾಳಿಯವರಿಗೆ ಎಲ್ಲಿಂದ ಮುಂದುವರಿಸಬೇಕೆಂದು ಇದರಿಂದ ತಿಳಿಯುತ್ತದೆ.

ಮರುಭೇಟಿಗೆ ಬಂದಾಗ ಪುಸ್ತಕದಲ್ಲಿ ಬರೆದ ಸಕ್ಕರೆಯ ಅಂಕಿ ನೋಡುವ ಮುಂಚೆ ಹೊಟ್ಟೆ ಮುಟ್ಟಿ ನೋಡಿ. ಒಂದೇ ಜಾಗಕ್ಕೆ ಹಾಕುತ್ತಿದ್ದರೆ ಬೆರಳಿಗೆ ರಬ್ಬರಿನಂಥ ಗಂಟು ಸಿಗುತ್ತದೆ. ಅಲ್ಲಿ ನೋವು ಕಡಿಮೆ, ಅದಕ್ಕೇ ಅವರಿಗೆ ಅದು ಅಚ್ಚುಮೆಚ್ಚಿನ ಜಾಗ. ಗಂಟಿನಿಂದ ಔಷಧ ಒಂದು ದಿನ ರಕ್ತಕ್ಕೆ ಸರಿಯಾಗಿ ಸೇರುತ್ತದೆ, ಒಂದು ದಿನ ಇಲ್ಲ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ ವಾರಕ್ಕೊಂದು ಭಾಗ, ಅದರೊಳಗೆ ಪ್ರತಿ ಸಲ ಒಂದು ಬೆರಳಗಲ ಸರಿದು ಹಾಕಲು ಹೇಳಿ. ಗಂಟು ಬಿಟ್ಟು ಒಳ್ಳೆಯ ಚರ್ಮಕ್ಕೆ ಹಾಕಲು ಶುರುಮಾಡಿದಾಗ ಅದೇ ಡೋಸ್ ಜಾಸ್ತಿಯಾಗಿ 'ಲೋ' ಆಗಬಹುದು. ಜಾಗ ಬದಲಿಸುವ ಮುಂಚೆ ವೈದ್ಯರ ಗಮನಕ್ಕೆ ತನ್ನಿ.

ಮರುಭೇಟಿಯ ತನಕ ಕಾಯದೆ ಮೂರನೇ ದಿನ ಒಂದು, ಹತ್ತನೇ ದಿನ ಒಂದು ಫೋನ್ ಮಾಡಿದರೆ ಹೆಚ್ಚಿನ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ. "ಸರಿಯಾಗಿ ಹಾಕ್ಕೊಳ್ತಿದ್ದೀರಾ?" ಎಂದರೆ ಮತ್ತದೇ "ಹೂಂ". "ಬಾಟ್ಲಿ ತಂದು ಬೆಳಕಿಗೆ ಹಿಡೀರಿ, ಎಷ್ಟು ಉಳಿದಿದೆ?" ಎಂದು ಕೇಳಿ. ಬೆಳಿಗ್ಗೆ 20, ರಾತ್ರಿ 10, ದಿನಕ್ಕೆ 30 ಯೂನಿಟ್. ಹತ್ತು ದಿನಕ್ಕೆ 300 ಖರ್ಚಾಗಿ ಬಾಟಲಿಯಲ್ಲಿ ಕಾಲು ಭಾಗ ಉಳಿದಿರಬೇಕು. ಅರ್ಧ ಇದ್ದರೆ ಡೋಸ್ ತಪ್ಪಿವೆ. ಒಂದೂ ತಪ್ಪಿಸಿಲ್ಲ ಎಂದು ಆಣೆ ಮಾಡಿ ಹೇಳಿದರೂ ಮುಕ್ಕಾಲರ ಹತ್ತಿರ ಉಳಿದಿದ್ದರೆ, ಸಿರಿಂಜಿನ ಮುಚ್ಚಳ ಯಾವ ಬಣ್ಣ ಎಂದು ಕೇಳಿ.